ಎಂಟು ಫೋಟೋಗಳಿಂದ ಎದ್ದು ನಿಂತ ಯಂತ್ರ

ಲಂಡನ್ನಿನ ವಾಯವ್ಯ ಭಾಗದ ಡಾಲಿಸ್ ಹಿಲ್‌ನಲ್ಲಿ ಬ್ರಿಟಿಷ್ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರವಿತ್ತು. ಆ ಕಾಲದಲ್ಲಿ ಅಲ್ಲಿ ದೂರವಾಣಿಯೂ ಅಂಚೆ ಇಲಾಖೆಯದೇ ಕಾರುಬಾರು. 1960ರ ಸುಮಾರಿನಲ್ಲಿ ಈ ಕೇಂದ್ರದ ಎಂಜಿನಿಯರ್ ಟಾಮಿ ಫ್ಲವರ್ಸ್‌ಗೆ ಮೇಲಿನಿಂದ ಒಂದು ಆಜ್ಞೆ ಬಂತು: ನಿನ್ನ ಬಳಿ ಇರುವ ನಕ್ಷೆ, ಟಿಪ್ಪಣಿ, ಕಾಗದಪತ್ರ ಎಲ್ಲವನ್ನೂ ನಾಶಮಾಡು. ಫ್ಲವರ್ಸ್ ಮರುಮಾತಾಡಲಿಲ್ಲ. ಎಲ್ಲವನ್ನೂ ಹೊತ್ತೊಯ್ದು ಬಾಯ್ಲರಿನ ಬೆಂಕಿಗೆ ಹಾಕಿ, ಉರಿದು ಮುಗಿಯುವುದನ್ನು ನಿಂತು ನೋಡಿದ. ಅವು ಆತನೇ ಕಟ್ಟಿದ ಯಂತ್ರವೊಂದರ ನಕ್ಷೆಗಳು. ದ್ವಿತೀಯ ಮಹಾಯುದ್ಧದ ನಡುವೆ ಹುಟ್ಟಿದ ಆ ಯಂತ್ರದ ಹೆಸರು ಕೊಲೊಸಸ್. ಅಂಥದೊಂದು ಯಂತ್ರ ಇತ್ತೆಂದು ಹೇಳಲು ಆತನಿಗೆ ಅನುಮತಿಯಿರಲಿಲ್ಲ. ಮನೆಯವರಿಗೂ ತಿಳಿದಿದ್ದು, ಯುದ್ಧಕಾಲದಲ್ಲಿ ಏನೋ ಗುಟ್ಟಿನ, ಮಹತ್ವದ ಕೆಲಸ ಮಾಡಿದ್ದ ಎಂಬಷ್ಟೇ.

ಇವತ್ತು ಲಂಡನ್ನಿನಿಂದ ರೈಲಿನಲ್ಲಿ ಹೆಚ್ಚು ದೂರವಿಲ್ಲದ ಬ್ಲೆಚ್ಲಿ ಪಾರ್ಕಿಗೆ ಹೋದರೆ, ಆ ಸುಟ್ಟುಹೋದ ಯಂತ್ರ ಕೋಣೆ ತುಂಬ ನಿಂತು ಕೆಲಸ ಮಾಡುವುದನ್ನು ಕಾಣಬಹುದು. ನಕ್ಷೆಗಳಿಲ್ಲದ ಯಂತ್ರ ಮರಳಿ ಬಂದದ್ದು ಹೇಗೆ ಎಂಬ ಕಥೆಯ ಅರ್ಧ ಭಾಗ ಯುದ್ಧಕ್ಕೆ ಸೇರಿದ್ದು. ಉಳಿದರ್ಧ ಹಳೆಯ ಯಂತ್ರಗಳ ಹುಚ್ಚು ಹಿಡಿಸಿಕೊಂಡ ಒಬ್ಬ ಹವ್ಯಾಸಿಗೆ ಸೇರಿದ್ದು.

ಯುದ್ಧದ ಭಾಗವನ್ನು ಮೊದಲು ನೋಡೋಣ. ಜರ್ಮನರ ಎನಿಗ್ಮಾ ಯಂತ್ರದ ಹೆಸರನ್ನು ಹಲವರು ಕೇಳಿದ್ದಾರೆ. ಕೊಲೊಸಸ್ ಹುಟ್ಟಿದ್ದು ಎನಿಗ್ಮಾಗಾಗಿ ಅಲ್ಲ. ಸಿನಿಮಾಗಳ ದೆಸೆಯಿಂದ ಈ ಎರಡು ಈಗಲೂ ಕಲಸಿಹೋಗುತ್ತವೆ. ಹಿಟ್ಲರನ ಸೇನೆಯ ಅತ್ಯುನ್ನತ ಮಟ್ಟದ ಸಂದೇಶಗಳು ಹೋಗುತ್ತಿದ್ದುದು ಲೊರೆಂಜ್ ಎಂಬ ಬೇರೆಯೇ ಯಂತ್ರದ ಮೂಲಕ. ಅದನ್ನು ಟೆಲಿಪ್ರಿಂಟರಿಗೆ ಜೋಡಿಸುತ್ತಿದ್ದರು. ಟೆಲಿಪ್ರಿಂಟರಿನಲ್ಲಿ ಪ್ರತಿ ಅಕ್ಷರವೂ ಕಾಗದದ ಪಟ್ಟಿಯ ಮೇಲಿನ ಐದು ಸ್ಥಾನಗಳ ಒಂದು ಗುರುತು. ಒಂದೊಂದು ಸ್ಥಾನದಲ್ಲಿ ತೂತು ಇರಬಹುದು, ಇಲ್ಲದಿರಬಹುದು. ಲೊರೆಂಜ್ ಯಂತ್ರ ಸಂದೇಶದ ಪ್ರತಿ ಅಕ್ಷರಕ್ಕೂ ತನ್ನದೊಂದು ಅಕ್ಷರವನ್ನು ಕೂಡಿಸುತ್ತಿತ್ತು. ಕೂಡಿಸುವ ನಿಯಮ ಸರಳ: ಎರಡರಲ್ಲೂ ತೂತಿದ್ದರೆ ಅಥವಾ ಎರಡರಲ್ಲೂ ಇಲ್ಲದಿದ್ದರೆ ಫಲ ಖಾಲಿ, ಒಂದರಲ್ಲಿ ಮಾತ್ರ ಇದ್ದರೆ ಫಲ ತೂತು. ಈ ಲೆಕ್ಕದ ಸೊಗಸೆಂದರೆ, ಅದೇ ಅಕ್ಷರವನ್ನು ಇನ್ನೊಮ್ಮೆ ಕೂಡಿಸಿದರೆ ಮೂಲ ಅಕ್ಷರ ಮರಳಿ ಬರುತ್ತದೆ. ಹೀಗಾಗಿ ಕಳಿಸುವ ಕಡೆಯೂ ಪಡೆಯುವ ಕಡೆಯೂ ಒಂದೇ ಬಗೆಯ ಯಂತ್ರವನ್ನು ಒಂದೇ ಸ್ಥಿತಿಯಲ್ಲಿ ಇಟ್ಟುಕೊಂಡರೆ ಸಾಕು. ಕೂಡಿಸಬೇಕಾದ ಅಕ್ಷರಗಳನ್ನು ಹುಟ್ಟಿಸುತ್ತಿದ್ದುದು 12 ಚಕ್ರಗಳು. ಅವುಗಳ ಅಂಚಿನಲ್ಲಿ ಒಟ್ಟು 501 ಮೊಳೆಗಳು. ಒಂದೊಂದನ್ನೂ ಬೇಕೆಂದಂತೆ ಏಳಿಸಬಹುದು, ಮಲಗಿಸಬಹುದು.

ಇಂಥ ಬೀಗವನ್ನು ಒಡೆಯಲು ಬ್ರಿಟಿಷರಿಗೆ ನೆರವಾದದ್ದು ಒಬ್ಬ ಜರ್ಮನ್ ನಿರ್ವಾಹಕನ ಬೇಸರ. 1941ರ ಆಗಸ್ಟ್ 30ರಂದು ಅಥೆನ್ಸಿನಿಂದ ವಿಯೆನ್ನಾಕ್ಕೆ ಸುಮಾರು 4000 ಅಕ್ಷರಗಳ ಒಂದು ಸಂದೇಶ ಹೋಯಿತು. ಸರಿಯಾಗಿ ಬಂದಿಲ್ಲ, ಮತ್ತೆ ಕಳಿಸಿ ಎಂದಿತು ವಿಯೆನ್ನಾ. ನಿರ್ವಾಹಕ ಚಕ್ರಗಳನ್ನು ಹಿಂದಿನ ಸ್ಥಿತಿಗೇ ತಿರುಗಿಸಿ ಅಷ್ಟನ್ನೂ ಮತ್ತೆ ಕುಟ್ಟತೊಡಗಿದ. ಇದೇ ನಿಷಿದ್ಧ. ಅದರ ಮೇಲೆ, ಎರಡನೆಯ ಸಲ ಕೈ ಸೋತೋ ಏನೋ, ಕೆಲವು ಪದಗಳನ್ನು ಮೊಟಕುಗೊಳಿಸಿದ. ಎರಡು ಸಂದೇಶಗಳೂ ತದ್ರೂಪ ಆಗಿದ್ದರೆ ಶತ್ರುವಿಗೆ ಏನೂ ಸಿಗುತ್ತಿರಲಿಲ್ಲ. ಸ್ವಲ್ಪವೇ ಬೇರೆಯಾದ ಕಾರಣ ಜಾನ್ ಟಿಲ್ಟ್‌ಮನ್ ಎಂಬ ನಿಪುಣ ಎರಡನ್ನೂ ಬಿಡಿಸಿದ. ಯಂತ್ರ ಹುಟ್ಟಿಸಿದ್ದ ಅಕ್ಷರಗಳ ಸಾಲೂ ಕೈಗೆ ಬಂತು. ಆ ಸಾಲೊಂದನ್ನೇ ಮುಂದಿಟ್ಟುಕೊಂಡು ಬಿಲ್ ಟಟ್ ಎಂಬ ತರುಣ ಗಣಿತಜ್ಞ, ಲೊರೆಂಜ್ ಯಂತ್ರವನ್ನು ಒಮ್ಮೆಯೂ ನೋಡದೆ, ಅದರಲ್ಲಿ ಎಷ್ಟು ಚಕ್ರಗಳಿವೆ, ಯಾವುದರಲ್ಲಿ ಎಷ್ಟು ಮೊಳೆಗಳಿವೆ ಎಂಬುದನ್ನೆಲ್ಲ ಕಾಗದ ಪೆನ್ಸಿಲಿನಿಂದ ಹೇಳಿಬಿಟ್ಟ. ಬ್ಲೆಚ್ಲಿಯ ಅತಿ ದೊಡ್ಡ ಬೌದ್ಧಿಕ ಸಾಧನೆ ಇದೇ ಎನ್ನುವವರಿದ್ದಾರೆ, ಅದು ಅತಿಶಯೋಕ್ತಿಯಲ್ಲ.

ಯಂತ್ರದ ರಚನೆ ತಿಳಿದರೂ ಪ್ರತಿ ಸಂದೇಶಕ್ಕೂ ಚಕ್ರಗಳು ಎಲ್ಲಿಂದ ಹೊರಟವು ಎಂಬುದನ್ನು ಹೊಸದಾಗಿ ಹುಡುಕಬೇಕಿತ್ತು. ಮೊದಲ ಎರಡು ಚಕ್ರಗಳನ್ನೇ ತೆಗೆದುಕೊಳ್ಳಿ: ಒಂದರಲ್ಲಿ 41 ಸ್ಥಾನ, ಇನ್ನೊಂದರಲ್ಲಿ 31. ಅಂದರೆ 1271 ಸಾಧ್ಯತೆಗಳು. ಪ್ರತಿಯೊಂದಕ್ಕೂ ಇಡೀ ಸಂದೇಶವನ್ನು ಒಮ್ಮೆ ಓಡಿಸಿ, ನಿರ್ದಿಷ್ಟ ಹೊಂದಿಕೆ ಎಷ್ಟು ಸಲ ಬಂತೆಂದು ಎಣಿಸಬೇಕು. ಸರಿಯಾದ ಜಾಗದಲ್ಲಿ ಎಣಿಕೆ ತುಸು ಹೆಚ್ಚು ಬರುತ್ತದೆ. ಮನುಷ್ಯರು ಮಾಡುವ ಕೆಲಸವಲ್ಲ. ಗಣಿತಜ್ಞ ಮ್ಯಾಕ್ಸ್ ನ್ಯೂಮನ್ನನ ಸಲಹೆಯಂತೆ 1943ರಲ್ಲಿ ಒಂದು ಯಂತ್ರ ಕಟ್ಟಿದರು. ಅದರಲ್ಲಿ ಎರಡು ಕಾಗದದ ಪಟ್ಟಿಗಳು ಜೊತೆಜೊತೆಗೆ ಓಡಬೇಕಿತ್ತು. ಒಂದರಲ್ಲಿ ಸಂದೇಶ, ಇನ್ನೊಂದರಲ್ಲಿ ಚಕ್ರಗಳ ಮಾದರಿ. ಕಾಗದ ಹಿಗ್ಗುತ್ತಿತ್ತು, ಹರಿಯುತ್ತಿತ್ತು, ಹೆಜ್ಜೆ ತಪ್ಪುತ್ತಿತ್ತು. ವಿಚಿತ್ರ ಯಂತ್ರಗಳ ಚಿತ್ರ ಬರೆಯುತ್ತಿದ್ದ ವ್ಯಂಗ್ಯಚಿತ್ರಕಾರನ ಹೆಸರನ್ನೇ ಜನ ಅದಕ್ಕೆ ಇಟ್ಟರು: ಹೀತ್ ರಾಬಿನ್ಸನ್.

ಈ ಯಂತ್ರದ ದುರಸ್ತಿಗೆಂದು ಕರೆಸಿಕೊಂಡವರಲ್ಲಿ ಫ್ಲವರ್ಸ್ ಇದ್ದ. ಗಾರೆ ಕೆಲಸದವನ ಮಗ; ಸಂಜೆ ತರಗತಿಗಳಲ್ಲಿ ಓದಿ ಎಂಜಿನಿಯರ್ ಆದವನು. ಎರಡನೆಯ ಪಟ್ಟಿಯೇ ಬೇಡ, ಚಕ್ರಗಳ ಮಾದರಿಯನ್ನು ವಿದ್ಯುನ್ಮಂಡಲಗಳಲ್ಲೇ ಹುಟ್ಟಿಸಬಹುದು ಎಂದ. ಅದಕ್ಕೆ ಎಷ್ಟು ವಾಲ್ವ್ ಬೇಕು? ಸಾವಿರದೈನೂರಕ್ಕೂ ಮೇಲೆ. ಕೇಳಿದವರು ನಕ್ಕರು. ರೇಡಿಯೊದಲ್ಲಿ ನಾಲ್ಕೈದು ವಾಲ್ವ್ ಇದ್ದರೂ ವರ್ಷಕ್ಕೊಂದು ಸುಡುವ ಕಾಲವದು. ಆದರೆ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಸಾವಿರಾರು ವಾಲ್ವ್‌ಗಳನ್ನು ದುಡಿಸಿದ್ದ ಫ್ಲವರ್ಸ್‌ಗೆ ಒಂದು ಗುಟ್ಟು ತಿಳಿದಿತ್ತು. ವಾಲ್ವ್ ಕೆಡುವುದು ಉರಿಯುವಾಗಲ್ಲ, ಹಚ್ಚಿ ಆರಿಸುವಾಗ. ಹಚ್ಚಿದ್ದನ್ನು ಆರಿಸದೇ ಬಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಬ್ಲೆಚ್ಲಿಯಲ್ಲಿ ಉತ್ಸಾಹ ಕಾಣದಿದ್ದರೂ ಡಾಲಿಸ್ ಹಿಲ್‌ನ ತನ್ನವರ ಬೆಂಬಲದಿಂದ, ಕೈಯಿಂದ ಸ್ವಂತ ಹಣವನ್ನೂ ಹಾಕಿ, ಹನ್ನೊಂದು ತಿಂಗಳಲ್ಲಿ ಯಂತ್ರ ಮುಗಿಸಿದ. 1944ರ ಜನವರಿಯಲ್ಲಿ ಅದು ಬ್ಲೆಚ್ಲಿಗೆ ಬಂತು. ಫೆಬ್ರುವರಿ 5ರಂದು ಮೊದಲ ಸಂದೇಶದ ಮೇಲೆ ಕೆಲಸ ಮಾಡಿತು.

ಕಾಗದದ ಪಟ್ಟಿ ಸೆಕೆಂಡಿಗೆ 5000 ಅಕ್ಷರಗಳ ವೇಗದಲ್ಲಿ, ಅಂದರೆ ಗಂಟೆಗೆ 40 ಕಿಲೋಮೀಟರಿಗೂ ಮಿಕ್ಕಿ, ರಾಟೆಗಳ ಮೇಲೆ ಸುತ್ತುತ್ತಿತ್ತು. ಆ ರಾಟೆಗಳ ಚೌಕಟ್ಟಿಗೆ ಅಲ್ಲಿಯವರು ಮಂಚ ಎನ್ನುತ್ತಿದ್ದರು. ಪಟ್ಟಿಯ ನಡುವಿನ ಸಣ್ಣ ತೂತುಗಳ ಮೂಲಕ ಹಾಯುವ ಬೆಳಕೇ ಇಡೀ ಯಂತ್ರಕ್ಕೆ ತಾಳ ಹಾಕುತ್ತಿತ್ತು. ಹೀಗಾಗಿ ಕಾಗದ ತುಸು ಹಿಗ್ಗಿದರೂ ಚಿಂತೆಯಿಲ್ಲ, ತಾಳವೂ ಅದರ ಜೊತೆಗೇ ಹಿಗ್ಗುತ್ತಿತ್ತು. ಒಮ್ಮೆ ಪರೀಕ್ಷೆಗೆಂದು ವೇಗ ಏರಿಸುತ್ತ ಹೋದರು; ಸೆಕೆಂಡಿಗೆ 9700 ಅಕ್ಷರಗಳಾದಾಗ ಪಟ್ಟಿ ಛಿದ್ರವಾಯಿತು. 10,000 ಅಕ್ಷರಗಳ ಸಂದೇಶವೊಂದರ ಮೇಲೆ ಆ 1271 ಸಾಧ್ಯತೆಗಳನ್ನು ನೋಡಿ ಮುಗಿಸಲು 5000ದ ವೇಗದಲ್ಲಿ ಮುಕ್ಕಾಲು ಗಂಟೆ ಸಾಕಿತ್ತು. ಜೂನ್ 1ರಂದು ಕೆಲಸ ಆರಂಭಿಸಿದ ಎರಡನೆಯ ಮಾದರಿಯಲ್ಲಿ 2400 ವಾಲ್ವ್‌ಗಳು. ಅದು ಐದು ಸಾಧ್ಯತೆಗಳನ್ನು ಒಟ್ಟೊಟ್ಟಿಗೇ ನೋಡುತ್ತಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಹತ್ತು ಕೊಲೊಸಸ್‌ಗಳು ಹಗಲೂ ರಾತ್ರಿ ಓಡುತ್ತಿದ್ದವು. ನಡೆಸುತ್ತಿದ್ದವರು ಬಹುಪಾಲು ನೌಕಾದಳದ ಮಹಿಳಾ ವಿಭಾಗದ ಎಳೆಯ ಹುಡುಗಿಯರು: ಆ ವಿಭಾಗದಲ್ಲಿ 272 ಹುಡುಗಿಯರು, 27 ಗಂಡಸರು.

ಯುದ್ಧ ಮುಗಿಯುತ್ತಲೇ ಎಂಟು ಯಂತ್ರಗಳನ್ನು ಬಿಚ್ಚಿಹಾಕಿದರು. ಉಳಿದೆರಡು ಗೂಢಚಾರ ಇಲಾಖೆಯ ಜೊತೆ ಹೋಗಿ, 1960ರ ಹೊತ್ತಿಗೆ ಅವೂ ಮಾಯವಾದವು. ಫ್ಲವರ್ಸ್‌ಗೆ 1000 ಪೌಂಡ್ ಇನಾಮು ಬಂತು. ಆತ ಕೈಯಿಂದ ಹಾಕಿದ್ದಕ್ಕೂ ಅದು ಸಾಲದು, ಅದರಲ್ಲೂ ಹೆಚ್ಚಿನ ಪಾಲನ್ನು ಸಂಗಡಿಗರಿಗೆ ಹಂಚಿದ. ಮುಂದೆ ಅಂಥದೇ ಯಂತ್ರ ಕಟ್ಟಲು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಸಾಲ ಕೇಳಿದ. ಇಂಥ ಯಂತ್ರ ಕೆಲಸ ಮಾಡಲಾರದು ಎಂದು ಅರ್ಜಿ ತಿರಸ್ಕೃತವಾಯಿತು. ನಾನು ಈಗಾಗಲೇ ಹತ್ತು ಕಟ್ಟಿದ್ದೇನೆ ಎನ್ನಲು ಆತನಿಗೆ ಬಾಯಿಲ್ಲ! ಅತ್ತ ಅಮೆರಿಕದ ಎನಿಯಾಕ್ 1946ರಲ್ಲಿ ಜಗತ್ತಿನೆದುರು ಬಂದು, ಮೊದಲ ಎಲೆಕ್ಟ್ರಾನಿಕ್ ಗಣಕವೆಂದು ಪಠ್ಯಪುಸ್ತಕಗಳಲ್ಲಿ ಕೂತಿತು. ಕೊಲೊಸಸ್ಸನ್ನು ಇಂದಿನ ಅರ್ಥದಲ್ಲಿ ಪೂರ್ಣ ಕಂಪ್ಯೂಟರ್ ಎನ್ನಲಾಗದು ಎಂಬುದು ನಿಜವೇ. ಅದರ ಹೊಟ್ಟೆಯಲ್ಲಿ ಪ್ರೋಗ್ರಾಮ್ ಕೂರುತ್ತಿರಲಿಲ್ಲ, ಸ್ವಿಚ್ಚು ಮತ್ತು ಪ್ಲಗ್ಗುಗಳಿಂದ ಹೊಂದಿಸಬೇಕಿತ್ತು. ಮಾಡುತ್ತಿದ್ದುದೂ ಒಂದೇ ಜಾತಿಯ ಕೆಲಸ. ಆದರೆ ಸಾವಿರಾರು ವಾಲ್ವ್‌ಗಳನ್ನು ನಂಬಿ ಅಂಕೆಗಳ ಲೆಕ್ಕ ಮಾಡಿಸಬಹುದು ಎಂಬುದನ್ನು ತೋರಿಸಿಕೊಟ್ಟದ್ದು ಅದು. 1970ರ ದಶಕದ ನಡುವೆ ಕೆಲವು ಫೋಟೋಗಳನ್ನು ಸರ್ಕಾರ ಬಿಡುಗಡೆ ಮಾಡುವವರೆಗೆ ಈ ಮಾತನ್ನು ಹೇಳುವಂತಿರಲಿಲ್ಲ.

ಇನ್ನು ಹವ್ಯಾಸಿಯ ಕಥೆ. ಟೋನಿ ಸೇಲ್ ಹುಟ್ಟಿದ್ದು 1931ರಲ್ಲಿ. ಹತ್ತೊಂಬತ್ತರ ಆಸುಪಾಸಿನಲ್ಲಿ, ಅಪಘಾತಕ್ಕೀಡಾದ ವೆಲಿಂಗ್ಟನ್ ಬಾಂಬರ್ ವಿಮಾನದ ತಗಡಿನಿಂದ ನಡೆದಾಡುವ ರೋಬೋ ಕಟ್ಟಿದವನು. ಅದರ ಹೆಸರು ಜಾರ್ಜ್, ಎತ್ತರ ಆರಡಿ. ಮುಂದೆ ಎಂ.ಐ.5 ಬೇಹುಗಾರಿಕಾ ಸಂಸ್ಥೆಯಲ್ಲಿ ಎಂಜಿನಿಯರಾದ, ಆಮೇಲೆ ಕಂಪ್ಯೂಟರ್ ವ್ಯವಹಾರಕ್ಕಿಳಿದ. 1980ರ ದಶಕದ ಕೊನೆಗೆ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಗಣಕಗಳಿಗೆ ಮರುಜೀವ ಕೊಡುವ ಕೆಲಸದಲ್ಲಿದ್ದ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ತಣ್ಣಗೆ ಕೂತ ಯಂತ್ರ ಅಂಥವರಿಗೆ ಸಾಲದು. ಅದು ಓಡಬೇಕು, ಬಿಸಿಯಾಗಬೇಕು, ಸದ್ದು ಮಾಡಬೇಕು. 1989ರಲ್ಲಿ ಇಂಥವರೆಲ್ಲ ಕೂಡಿ ಗಣಕ ಸಂರಕ್ಷಣೆಗೆಂದೇ ಒಂದು ಸಂಘ ಕಟ್ಟಿದಾಗ ಸ್ಥಾಪಕರಲ್ಲಿ ಸೇಲ್ ಒಬ್ಬ.

1991ರಲ್ಲಿ ಬ್ಲೆಚ್ಲಿ ಪಾರ್ಕಿಗೇ ಕುತ್ತು ಬಂತು. ಕಟ್ಟಡಗಳನ್ನು ಕೆಡವಿ ಮನೆಗಳನ್ನು ಕಟ್ಟುವ ಮಾತು ಹೊರಟಿತ್ತು. ಅಕ್ಟೋಬರಿನಲ್ಲಿ ಊರಿನ ಇತಿಹಾಸಾಸಕ್ತರು, ಅಲ್ಲಿ ದುಡಿದಿದ್ದ ಮುದುಕ ಮುದುಕಿಯರಿಗೆ ಒಂದು ಬೀಳ್ಕೊಡುಗೆಯ ಕೂಟ ಏರ್ಪಡಿಸಿದರು. ನಾನೂರರಷ್ಟು ಮಂದಿ ಬಂದರು. ಅವರ ಮಾತು ಕೇಳಿದ ಮೇಲೆ ಬೀಳ್ಕೊಡುಗೆಯ ಯೋಚನೆ ಹೋಗಿ ಉಳಿಸುವ ಯೋಚನೆ ಬಂತು. ಮರುವರ್ಷ ಟ್ರಸ್ಟ್ ಆಯಿತು. ಅದರಲ್ಲಿ ಮುಂದಾಗಿದ್ದ ಸೇಲ್ ಕೊಲೊಸಸ್ಸನ್ನು ಮತ್ತೆ ಕಟ್ಟುತ್ತೇನೆಂದು ಹೊರಟ. ಆಗದ ಮಾತು ಎಂದವರೇ ಬಹಳ. ಪ್ರಾಯೋಜಕರು ಸಿಗದೆ ಆತನೂ ಹೆಂಡತಿ ಮಾರ್ಗರೆಟ್ಟಳೂ ತಮ್ಮದೇ ಹಣದಿಂದ ಆರಂಭಿಸಿದರು.

ಕೈಯಲ್ಲಿ ಏನಿತ್ತು? 1945ರಲ್ಲಿ ತೆಗೆದ ಎಂಟು ಫೋಟೋಗಳು. ಜೊತೆಗೆ ವಿದ್ಯುನ್ಮಂಡಲ ನಕ್ಷೆಗಳ ಕೆಲವು ಚೂರುಗಳು. ಎಲ್ಲ ಸುಟ್ಟುಹೋದ ಮೇಲೆ ಇವು ಎಲ್ಲಿಂದ ಬಂದವು ಎಂದರೆ, ಕೆಲವು ಎಂಜಿನಿಯರುಗಳು ಕಾನೂನು ಮುರಿದು ಮನೆಯಲ್ಲಿ ಇಟ್ಟುಕೊಂಡಿದ್ದರು. ಆಜ್ಞೆ ಪಾಲಿಸಿದ ಫ್ಲವರ್ಸ್‌ನನ್ನು ಮೆಚ್ಚಬೇಕೋ, ಪಾಲಿಸದ ಇವರನ್ನೋ! ಸೇಲ್ ಒಂಬತ್ತು ತಿಂಗಳು ಆ ಫೋಟೋಗಳ ಮುಂದೆ ಕೂತ. ಮನೆಯ 486 ಪಿಸಿಯಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಹಾಕಿಕೊಂಡು, ಫೋಟೋದಲ್ಲಿ ಓರೆಯಾಗಿ ಕಾಣುವ ಒಂದೊಂದು ಚೌಕಟ್ಟು, ಒಂದೊಂದು ಫಲಕದ ನಿಜವಾದ ಅಳತೆಯನ್ನು ಲೆಕ್ಕಹಾಕಿ ತೆಗೆದ. ಕೊಲೊಸಸ್ಸಿನ ವಂಶದ ಕೊನೆಯ ಕುಡಿಗಳಲ್ಲೊಂದು ಮೇಜಿನ ಮೇಲೆ ಕೂತು ಮೂಲಪುರುಷನ ಅಂಗಾಂಗ ಅಳೆದು ಕೊಟ್ಟಂತಾಯಿತು. ಬದುಕಿದ್ದ ಹಳೆಯ ಎಂಜಿನಿಯರುಗಳನ್ನು ಹುಡುಕಿ ಮಾತಾಡಿಸಿದ. ಬೇಹು ಸಂಸ್ಥೆಯಲ್ಲಿ ದುಡಿದವನಾದ್ದರಿಂದ, ಅರ್ಧ ಶತಮಾನ ಬಾಯಿ ಹೊಲಿದುಕೊಂಡಿದ್ದವರು ಆತನೆದುರು ತುಸು ಧೈರ್ಯವಾಗಿ ಬಾಯಿಬಿಟ್ಟರೆಂದು ಊಹಿಸಬಹುದು. ಪಟ್ಟಿಯ ತೂತುಗಳನ್ನು ಬೆಳಕಿನಿಂದ ಓದುವ ಭಾಗವನ್ನು ಯುದ್ಧಕಾಲದಲ್ಲಿ ರೂಪಿಸಿದ್ದ ಅರ್ನಾಲ್ಡ್ ಲಿಂಚ್, ಮುಪ್ಪಿನಲ್ಲಿ ಮತ್ತೆ ಕೂತು ಅದನ್ನು ಇನ್ನೊಮ್ಮೆ ರೂಪಿಸಿಕೊಟ್ಟ.

ನಕ್ಷೆಯೇನೋ ಆಯಿತು, ಬಿಡಿಭಾಗಗಳು? ಇಲ್ಲಿ ಕಾಲವೇ ಕೈಹಿಡಿಯಿತು. ಫ್ಲವರ್ಸ್ ದೂರವಾಣಿ ಎಂಜಿನಿಯರ್. ಯುದ್ಧದ ಅವಸರದಲ್ಲಿ ಕೈಗೆ ಸಿಕ್ಕ ದೂರವಾಣಿ ಸಾಮಗ್ರಿಯಿಂದಲೇ ಬಹುಭಾಗ ಕಟ್ಟಿದ್ದ. 1990ರ ದಶಕದಲ್ಲಿ ಬ್ರಿಟನ್ನಿನ ಹಳೆಯ ಸ್ಟ್ರೌಜರ್ ವಿನಿಮಯ ಕೇಂದ್ರಗಳು ಮುಚ್ಚಿ ಡಿಜಿಟಲ್ ಕೇಂದ್ರಗಳು ಬರುತ್ತಿದ್ದವು. ಗುಜರಿಗೆ ಹೊರಟಿದ್ದ ರಿಲೇ, ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ವಿಚ್ಚು, ಕಬ್ಬಿಣದ ಚೌಕಟ್ಟುಗಳು ಕೊಲೊಸಸ್ಸಿಗೆ ಬಂದವು. ಸ್ಟ್ರೌಜರ್ ಎಂಬುದು ಬೆಂಗಳೂರಿನ ಹಳಬರಿಗೆ ಅಪರಿಚಿತ ಹೆಸರೇನಲ್ಲ. 1948ರಲ್ಲಿ ಆರಂಭವಾದ ದೂರವಾಣಿನಗರದ ಐಟಿಐ ಕಾರ್ಖಾನೆ ಮೊದಮೊದಲು ತಯಾರಿಸಿದ್ದು ಬ್ರಿಟಿಷ್ ಕಂಪನಿಯೊಂದರ ಸಹಯೋಗದಲ್ಲಿ ಈ ಜಾತಿಯ ಕೇಂದ್ರಗಳನ್ನೇ. ನಂಬರು ತಿರುಗಿಸಿದಂತೆಲ್ಲ ಟಕಟಕನೆ ಹತ್ತಿ ಇಳಿಯುವ ಆ ಸ್ವಿಚ್ಚುಗಳ ಸದ್ದು ಅಲ್ಲಿ ದುಡಿದವರ ಕಿವಿಯಲ್ಲಿ ಇನ್ನೂ ಇದ್ದೀತು. ವಾಲ್ವ್‌ಗಳದು ಬೇರೆ ಪಾಡು. ಅವುಗಳ ತಯಾರಿಕೆ ಎಂದೋ ನಿಂತಿತ್ತು; ಹಳೆಯ ದಾಸ್ತಾನುಗಳಿಂದಲೇ ಒಂದೊಂದಾಗಿ ಕೂಡಿಸಬೇಕಿತ್ತು.

1996ರ ಜೂನ್ 6ರಂದು ಕೆಂಟಿನ ಡ್ಯೂಕ್ ಸ್ವಿಚ್ಚು ಒತ್ತಿದಾಗ ಯಂತ್ರ ಓಡಿತು. ತೊಂಬತ್ತು ವರ್ಷದ ಫ್ಲವರ್ಸ್ ಅಲ್ಲಿದ್ದ. ತಮಾಷೆಯೆಂದರೆ, ಈ ಯಂತ್ರ ಯುದ್ಧದಲ್ಲಿ ನಿಖರವಾಗಿ ಏನು ಮಾಡುತ್ತಿತ್ತು ಎಂಬ ಅಧಿಕೃತ ವರದಿಯನ್ನು ಬ್ರಿಟಿಷ್ ಸರ್ಕಾರ ಬಿಡುಗಡೆ ಮಾಡಿದ್ದು 2000ದಲ್ಲಿ. ಅಷ್ಟರಲ್ಲಿ ಯಂತ್ರ ಎದ್ದು ನಿಂತು ನಾಲ್ಕು ವರ್ಷವಾಗಿತ್ತು. ಫ್ಲವರ್ಸ್ ಅದನ್ನು ನೋಡಲಿಲ್ಲ, 1998ರಲ್ಲಿ ತೀರಿಕೊಂಡಿದ್ದ. ಆತನ ಕೊನೆಯ ವರ್ಷಗಳ ಒಂದು ಸಂಗತಿಯನ್ನು ಮರೆಯಲಾಗದು. 1993ರಲ್ಲಿ, 87ನೆಯ ವಯಸ್ಸಿನಲ್ಲಿ, ಆತ ಹೆಂಡನ್ ಕಾಲೇಜಿಗೆ ಹೋಗಿ ಪಿಸಿ ಬಳಕೆಯ ಪ್ರಾಥಮಿಕ ತರಗತಿ ಮುಗಿಸಿ ಪ್ರಮಾಣಪತ್ರ ಪಡೆದ.

ಹೀಗೆ ಮರಳಿ ಕಟ್ಟಿದ್ದನ್ನು ಮೂಲವೆನ್ನಬಹುದೇ ಎಂಬ ತಕರಾರು ಹವ್ಯಾಸಿಗಳಲ್ಲಿ ಹಳೆಯದು. ಅವರ ಇನ್ನೊಂದು ಹೆಮ್ಮೆ ಇದಕ್ಕೆ ತದ್ವಿರುದ್ಧ: ಹಾರ್ವೆಲ್ ಅಣು ಸಂಶೋಧನಾ ಕೇಂದ್ರದ 1951ರ ಗಣಕ, ಎರಡೂವರೆ ಟನ್ ತೂಕದ ಮೂಲ ಯಂತ್ರ. ಒಂದು ಗುಣಾಕಾರಕ್ಕೆ ಐದರಿಂದ ಹತ್ತು ಸೆಕೆಂಡು ಬೇಕು. ಕೈಯಂತ್ರ ಹಿಡಿದ ಲೆಕ್ಕಿಗನೊಬ್ಬ ಒಮ್ಮೆ ಅದರೊಡನೆ ಪಂದ್ಯಕ್ಕಿಳಿದು ಅರ್ಧ ಗಂಟೆ ಸಮಕ್ಕೆ ನಡೆದು ಕೈಚೆಲ್ಲಿದ. ಯಂತ್ರ ಮಾತ್ರ ಆಯಾಸವಿಲ್ಲದೆ ಮುಂದುವರಿಯಿತು. ಉಗ್ರಾಣ ಸೇರಿದ್ದ ಅದರ ಫಲಕವನ್ನು ಒಂದು ಫೋಟೋದಲ್ಲಿ ಗುರುತಿಸಿ, ಬ್ಲೆಚ್ಲಿಗೆ ತಂದು, 2012ರಲ್ಲಿ ಓಡಿಸಿದರು. ಅಲ್ಲಿ ಹಳೆಯ ಬಿಡಿಭಾಗವೇ ದೇವರು. ಕೊಲೊಸಸ್ಸಿನ ವಿಷಯದಲ್ಲಿ ಹಾಗೆ ಹಟ ಹಿಡಿದಿದ್ದರೆ ನೋಡಲು ಏನೂ ಇರುತ್ತಿರಲಿಲ್ಲ. ಅದೂ ಅಲ್ಲದೆ, ಕೊಲೊಸಸ್ ನಿಂತಿರುವುದು ಎಚ್ ಬ್ಲಾಕಿನಲ್ಲಿ, ಯುದ್ಧಕಾಲದ ಒಂಬತ್ತನೆಯ ಕೊಲೊಸಸ್ ನಿಂತಿದ್ದ ಜಾಗದಲ್ಲೇ.

2007ರ ನವೆಂಬರಿನಲ್ಲಿ ಅದಕ್ಕೊಂದು ಪರೀಕ್ಷೆ ಒಡ್ಡಿದರು. ಜರ್ಮನಿಯ ಪಾಡರ್‌ಬೋರ್ನ್‌ನ ಗಣಕ ವಸ್ತುಸಂಗ್ರಹಾಲಯದಿಂದ ಹವ್ಯಾಸಿ ರೇಡಿಯೊದವರು ನಿಜವಾದ ಲೊರೆಂಜ್ ಗೂಢಲಿಪಿಯಲ್ಲಿ ಸಂದೇಶಗಳನ್ನು ಪ್ರಸಾರ ಮಾಡಬೇಕು. ಬ್ಲೆಚ್ಲಿಯಲ್ಲಿ ಹಿಡಿದು ಕೊಲೊಸಸ್ ಬಿಡಿಸಬೇಕು. ಜಗತ್ತಿನ ಯಾರು ಬೇಕಾದರೂ ಪೈಪೋಟಿಗೆ ಬರಬಹುದು. ಮೊದಲ ದಿನ ಆಕಾಶ ಸಹಕರಿಸದೆ ಬ್ಲೆಚ್ಲಿಯವರಿಗೆ ಸಂದೇಶವೇ ಸರಿಯಾಗಿ ಸಿಗಲಿಲ್ಲ. ಸಿಕ್ಕ ಮೇಲೆ ಕೊಲೊಸಸ್ 3 ಗಂಟೆ 35 ನಿಮಿಷದಲ್ಲಿ ಕೆಲಸ ಮುಗಿಸಿತು. ಅಷ್ಟರಲ್ಲಿ ಬಾನ್ ನಗರದ ಯೋಆಕಿಮ್ ಶ್ಯೂಟ್ ಎಂಬಾತ, ತಾನೇ ಬರೆದ ಪ್ರೋಗ್ರಾಮಿನಿಂದ, ಲ್ಯಾಪ್‌ಟಾಪಿನಲ್ಲಿ 46 ಸೆಕೆಂಡಿನಲ್ಲಿ ಚಕ್ರಗಳ ಸ್ಥಿತಿ ಕಂಡುಹಿಡಿದಿದ್ದ. ಗೆದ್ದವನೇ ಆಮೇಲೆ ಒಂದು ಲೆಕ್ಕ ಹಾಕಿದ. ತನ್ನ 1.4 ಗಿಗಾಹರ್ಟ್ಸ್ ಲ್ಯಾಪ್‌ಟಾಪು ಅಕ್ಷರಗಳನ್ನು ನುಂಗಿದ್ದು ಕೊಲೊಸಸ್ಸಿಗಿಂತ 240 ಪಟ್ಟು ವೇಗದಲ್ಲಿ. ಹಾಗಾದರೆ ಈ ಕೆಲಸದ ಮಟ್ಟಿಗೆ ಕೊಲೊಸಸ್ 5.8 ಮೆಗಾಹರ್ಟ್ಸ್‌ನ ಗಣಕಕ್ಕೆ ಸಮ. 1981ರಲ್ಲಿ ಬಂದ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

2010ರಲ್ಲಿ ಸೇಲ್ ತನ್ನ ಮನೆಯ ಗ್ಯಾರೇಜಿನಲ್ಲಿ 45 ವರ್ಷ ನಿದ್ದೆ ಹೋಗಿದ್ದ ಜಾರ್ಜನನ್ನು ಹೊರತಂದ. ಬೇರಿಂಗುಗಳಿಗೆ ಎಣ್ಣೆ, ಹೊಸ ಬ್ಯಾಟರಿ. ವಿಮಾನದ ತಗಡಿನ ಮನುಷ್ಯ ಎದ್ದು ನಡೆದ. ಮರುವರ್ಷ ಆಗಸ್ಟಿನಲ್ಲಿ, 80ನೆಯ ವಯಸ್ಸಿನಲ್ಲಿ, ಸೇಲ್ ತೀರಿಕೊಂಡ.

ಎಚ್ ಬ್ಲಾಕಿನಲ್ಲಿ 2007ರಲ್ಲಿ ತೆರೆದ ರಾಷ್ಟ್ರೀಯ ಗಣಕ ವಸ್ತುಸಂಗ್ರಹಾಲಯದ ಸ್ವಯಂಸೇವಕರು ಆತನ ಕೆಲಸ ಮುಂದುವರಿಸಿದ್ದಾರೆ. ಬೀಗ ಒಡೆಯುವ ಯಂತ್ರ ಸಿದ್ಧವಾದ ಮೇಲೆ ಬೀಗದ ಯಂತ್ರವೂ ಬೇಕೆನಿಸಿತು. ಲೊರೆಂಜ್ ಯಂತ್ರವೊಂದನ್ನು ನಾರ್ವೆಯ ಸೇನಾ ವಸ್ತುಸಂಗ್ರಹಾಲಯ ಕಡ ಕೊಟ್ಟಿತು. ಅದಕ್ಕೆ ಜೋಡಿಸುವ ಜರ್ಮನ್ ಟೆಲಿಪ್ರಿಂಟರ್ ಇರಲಿಲ್ಲ. 2016ರಲ್ಲಿ ಸ್ವಯಂಸೇವಕನೊಬ್ಬ ಈಬೇಯಲ್ಲಿ ಹಳೆಯ ಸಾಮಾನು ಜಾಲಾಡುತ್ತಿದ್ದಾಗ ಅಂಥದೇ ಒಂದು ಮಾರಾಟಕ್ಕಿರುವುದು ಕಣ್ಣಿಗೆ ಬಿತ್ತು. ಎಸೆಕ್ಸಿನ ಸೌತೆಂಡಿನಲ್ಲಿ ಒಂದು ಮನೆಯ ಶೆಡ್ಡಿನ ಕಸದ ನಡುವೆ ಬಿದ್ದಿತ್ತು. ಬೆಲೆ ಒಂಬತ್ತೂವರೆ ಪೌಂಡ್. ಹತ್ತರ ನೋಟು ಕೊಟ್ಟು, ಚಿಲ್ಲರೆ ಇಟ್ಟುಕೊಳ್ಳಿ ಎಂದು ಹೇಳಿ ಹೊತ್ತು ತಂದರು. ತಂದ ಮೇಲೆ ಒರೆಸಿ ನೋಡಿದರೆ, ಅದು ಜರ್ಮನ್ ಸೇನೆಯದೇ. ಲೊರೆಂಜಿಗೆ ಒಂದು ಮೋಟಾರು ಮಾತ್ರ ಬಾಕಿ. ಎರಡು ಕಡೆ ಚಾಚಿದ ದಂಡಗಳಿರುವ ಕಪ್ಪು ಬಣ್ಣದ ಮೋಟಾರು, ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ತಿಳಿಸಿ ಎಂದು ಊರಿಗೆಲ್ಲ ಸಾರಿದರು.